ಮಲೆನಾಡಿನ ಮಲೇರಿಯಾ

ಭಂಡಿಗಡಿಯಂಥ ಹಳ್ಳಿಗಳನ್ನೊಳಗೊಂಡ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ, ಕಾಡು ಗದ್ದೆಗಳ ನಡುವೆ ದ್ವೀಪಗಳಂತೆ ಚದುರಿದ ಒಂಟಿಮನೆಗಳನ್ನು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಕಾಡಿದ ಚಳಿಜ್ವರ. ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರೋಪಜೀವಿಯಿಂದ ಬರುವ ಈ ರೋಗವು ಮರುಕಳಿಸುತ್ತ ರಕ್ತಹೀನತೆಯನ್ನೂ ಗುಲ್ಮದ, ಅಂದರೆ ರಕ್ತ ಸೋಸುವ ಅಂಗದ, ಊತವನ್ನೂ ಉಂಟುಮಾಡುತ್ತದೆ. ಇಲ್ಲಿನ ಮುಖ್ಯ ವಾಹಕವಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಯು ಕೊಳಚೆಯಲ್ಲಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳ, ಕಾಲುವೆಗಳ ಹುಲ್ಲಂಚಿನಲ್ಲಿ ಮೊಟ್ಟೆಯಿಡುವುದರಿಂದ, ಗುಂಡಿ ಮುಚ್ಚುವ ಪಟ್ಟಣದ ಉಪಾಯ ಮಲೆನಾಡಿನಲ್ಲಿ ಹೆಚ್ಚು ಫಲಿಸುವಂಥದ್ದಲ್ಲ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ, ರಕ್ತ ಹೀರಿ ಅಲ್ಲಿ ಕೂರುವ ಸೊಳ್ಳೆಗಳನ್ನು ಕೊಂದು, ಹರಡುವಿಕೆಯನ್ನು ತಗ್ಗಿಸಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಚಳಿಜ್ವರಕ್ಕಿಂತ ಬೇರೆಯದು. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ ಎಂಬ ರಕ್ತ ಹೀರುವ ಹುಳು.