ಮನಿಆರ್ಡರ್ ಚೀಟಿಯಲ್ಲಿ ಅಜ್ಜ

ನಮ್ಮ ಪ್ರಾಜೆಕ್ಟಿನಲ್ಲಿ ಮಾಂಟ್ರಿಯಲ್‌ನ ಒಬ್ಬ ಸಹೋದ್ಯೋಗಿ ಇದ್ದಾನೆ. ಒಂದು ದಿನ ಕಾಲ್ ಮುಗಿದ ಮೇಲೆ ತನ್ನ ವಂಶಾವಳಿ ತೋರಿಸಿದ. ಅವನ ಹಿರಿಯನೊಬ್ಬ ಕ್ವಿಬೆಕ್‌ನಲ್ಲಿ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದ ಕೂಲಿ. ಆದರೂ ಅವನ ಹುಟ್ಟು, ಮದುವೆ, ಸಾವು ಎಲ್ಲವೂ ಊರಿನ ಇಗರ್ಜಿಯ ಪುಸ್ತಕದಲ್ಲಿವೆ. ಮದುವೆಯ ದಾಖಲೆಯಲ್ಲಿ ಎರಡೂ ಕಡೆಯ ತಂದೆತಾಯಿಯರ ಹೆಸರು. ಕೊನೆಗೆ, ಸಹಿ ಹಾಕಲು ಬರುವುದಿಲ್ಲ ಎಂದು ಹೇಳಿದ್ದಾರೆ ಅಂತ ಪಾದ್ರಿಯ ಒಂದು ಸಾಲು. "ನಿನ್ನ ಅಜ್ಜ?" ಎಂದು ಕೇಳಿದ. "ಕೃಷಿಕ" ಎಂದೆ. ಸಂಜೆ ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುತ್ತಿದ್ದಾಗ, ಹೇಳಿದ್ದು ಪೂರ್ತಿ ನಿಜವಲ್ಲ ಅನಿಸಿತು.

ಅಜ್ಜ ಉಡುಪಿ ಕಡೆಯ ಹಳ್ಳಿಯಲ್ಲಿ ಧನಿಗಳ ಗದ್ದೆಗೆ ಕೂಲಿಗೆ ಹೋಗುತ್ತಿದ್ದವರು. ಆಮೇಲೆ ಒಂದು ಎಕರೆ ಚಾಲಗೇಣಿಗೆ ಸಿಕ್ಕಿತು. ಮೂಲಗೇಣಿಯಾದರೆ ತಲೆಮಾರುಗಟ್ಟಲೆ ಉಳಿಯುವ ಹಕ್ಕು. ಚಾಲಗೇಣಿ ಧನಿಗೆ ಮನಸ್ಸಿರುವ ತನಕ. ಅಜ್ಜನದ್ದಂತೂ ಬರೀ ಬಾಯಿಮಾತು. ಗೇಣಿ ಅಕ್ಕಿಮುಡಿಗಳಲ್ಲಿ. ಬೆಳೆ ಕೆಟ್ಟ ವರ್ಷ ಕಡಿಮೆ ಬಿದ್ದದ್ದಕ್ಕೆ ಹಣ ಕೊಡಬೇಕು.

ಆ ಹಣಕ್ಕಾಗಿಯೇ 1959ರಲ್ಲಿ, ಹದಿಮೂರರ ಪ್ರಾಯದಲ್ಲಿ, ಅಪ್ಪ ಮುಂಬಯಿಗೆ ಬಂದದ್ದು. ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆ. (ಮೊಗವೀರ ವ್ಯವಸ್ಥಾಪಕ ಮಂಡಳಿ ನಡೆಸುತ್ತಿದ್ದಂಥ ರಾತ್ರಿಶಾಲೆಗಳು ಇಲ್ಲದಿದ್ದರೆ ನಮ್ಮವರಲ್ಲಿ ಎಷ್ಟೋ ಮಂದಿ ಲೋಟ ತೊಳೆಯುವಲ್ಲೇ ಉಳಿಯುತ್ತಿದ್ದರು.) ಅಕ್ಷರ ಗಟ್ಟಿಯಾದ ಮೇಲೆ ಅಪ್ಪ ಮನಿಆರ್ಡರ್ ಚೀಟಿಯ ಕೆಳಗಿನ ಚೂರು ಜಾಗದಲ್ಲಿ ಬರೆಯತೊಡಗಿದರು: 'ಈ ಸಲದ ಗೇಣಿಗೆ.' ಪೋಸ್ಟ್‌ಮ್ಯಾನ್ ಓದಿ ಹೇಳುತ್ತಿದ್ದ. ಅಜ್ಜಿ ಆ ಚೂರುಗಳನ್ನು ಒಂದು ಸರಿಗೆಗೆ ಚುಚ್ಚಿ ಮಾಡಿಗೆ ತೂಗಿಸುತ್ತಿದ್ದರು. ಯಾಕೆಂದು ಕೇಳಿದರೆ, ಮಗನ ಅಕ್ಷರ ಎನ್ನುತ್ತಿದ್ದರಂತೆ.

ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು; ಉಳುವ ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಊರಲ್ಲಿ ಇದಕ್ಕೆ 'ಡಿಕ್ಲರೇಶನ್ ಕೊಡುವುದು' ಎನ್ನುತ್ತಿದ್ದರು. ಅಜ್ಜನೂ ಹೆಬ್ಬೆಟ್ಟು ಒತ್ತಿ ಕೊಟ್ಟರು. ಧನಿಗಳ ಆಕ್ಷೇಪ ಒಂದೇ: "ಇವನು ಒಕ್ಕಲಲ್ಲ, ನಮ್ಮ ಕೂಲಿ." ಕೂಲಿಯಾದರೆ ಗದ್ದೆ ಇಲ್ಲ. ಕಷ್ಟವೆಂದರೆ ಅದು ಅರ್ಧ ನಿಜ. ಗೇಣಿ ಗದ್ದೆಯ ಕೆಲಸ ಮುಗಿದ ಮೇಲೆ ಅಜ್ಜ ಈಗಲೂ ಅವರಲ್ಲಿಗೆ ಕೂಲಿಗೆ ಹೋಗುತ್ತಿದ್ದರು.

ಭೂನ್ಯಾಯ ಮಂಡಳಿಯ ಎದುರು ಅಜ್ಜ ಸರಿಗೆಯನ್ನು ಹಾಗೇ ಮೇಜಿನ ಮೇಲಿಟ್ಟರಂತೆ. ಹದಿಮೂರು ವರ್ಷಗಳ ಚೀಟಿಗಳು, ಅಂಚೆಯ ಮೊಹರು ಸಮೇತ. ಕೂಲಿಗೆ ಹೋಗುವವನು ಗೇಣಿ ಯಾಕೆ ಕೊಡುತ್ತಾನೆ? ಅದಷ್ಟೇ ಸಾಕ್ಷಿಯಾಗಿ ಸಾಕಾಯಿತೋ, ನೆರೆಕರೆಯವರ ಮಾತೂ ಸೇರಿತೋ, ಗದ್ದೆ ನಮ್ಮದಾಯಿತು. ಅದರ ಬಲದಲ್ಲೇ ನಾನು ಎಂಟೆಕ್ ಓದಿದ್ದು.

ಕಳೆದ ತಿಂಗಳು ಊರಿಗೆ ಹೋದಾಗ ಆ ಅರ್ಜಿಯ ನಕಲು ನೋಡಿದೆ. 'ಸ್ವಂತ ಸಾಗುವಳಿ' ಎಂದಿದೆ. ನೇಜಿ ನೆಡಲು ನಮ್ಮ ಗದ್ದೆಗೆ ಪ್ರತಿ ವರ್ಷ ಬರುತ್ತಿದ್ದ ಒಂದು ಕುಟುಂಬವಿತ್ತಲ್ಲ ಎಂದು ಅಪ್ಪನನ್ನು ಕೇಳಿದೆ. ಅವರಿಗೇನು ಸಿಕ್ಕಿತು?

"ಮುಡಿ ಕಟ್ಟುವಾಗ ಎರಡು ಸೇರು ಅಕ್ಕಿ ಜಾಸ್ತಿ ಕೊಡುತ್ತಿದ್ದೆವು" ಎಂದರು ಅಪ್ಪ. ಆ ಹೆಂಗಸಿನ ಹೆಸರು ನೆನಪಿತ್ತು. ಗಂಡನದ್ದು ಇರಲಿಲ್ಲ.