ಕ್ಯಾಪಿಟಲ್ ಅಕ್ಷರ: ಇಂಗ್ಲಿಷಿನ ನಿಯಮ, ಕನ್ನಡದ ಕೀಲಿಮಣೆ

ಕ್ಯಾಪಿಟಲ್ ಅಕ್ಷರ ಎಂದರೆ ರೋಮನ್ ಲಿಪಿಯ ದೊಡ್ಡಕ್ಷರ. ಕನ್ನಡ ಶಾಲೆಯ ಮಕ್ಕಳ ಬಾಯಲ್ಲಿ 'ದೊಡ್ಡ ಎಬಿಸಿಡಿ'. ಪ್ರಾಚೀನ ರೋಮಿನ ಶಿಲಾಶಾಸನಗಳಲ್ಲಿ ಇದ್ದದ್ದು ಇವೇ. ಚಿಕ್ಕಕ್ಷರಗಳು ಒಪ್ಪವಾದ ರೂಪ ಪಡೆದದ್ದು 8–9ನೇ ಶತಮಾನದಲ್ಲಿ, ದೊರೆ ಶಾರ್ಲಮೇನ್ ಕಾಲದ ಲಿಪಿಕಾರರ ಕೈಯಲ್ಲಿ. 17–18ನೇ ಶತಮಾನದ ಇಂಗ್ಲಿಷ್ ಮುದ್ರಕರು ಬಹುಪಾಲು ನಾಮಪದಗಳನ್ನು ದೊಡ್ಡಕ್ಷರದಿಂದಲೇ ಶುರುಮಾಡುತ್ತಿದ್ದರು. 18ನೇ ಶತಮಾನ ಮುಗಿಯುವ ಹೊತ್ತಿಗೆ ಆ ರೂಢಿ ಕರಗಿ, ವಾಕ್ಯದ ಆರಂಭ, ಅಂಕಿತನಾಮ, 'ನಾನು' ಎನ್ನುವ 'ಐ', ಹೀಗೆ ಕೆಲವೆಡೆ ಮಾತ್ರ ದೊಡ್ಡಕ್ಷರ ಉಳಿಯಿತು. ನಾಮಪದಗಳಿಗೆ ದೊಡ್ಡಕ್ಷರ ಹಾಕುವ ರೂಢಿಯನ್ನು ಡೇನಿಷ್ ಭಾಷೆ 1948ರಲ್ಲಿ ಕೈಬಿಟ್ಟಿತು. ಜರ್ಮನ್ ಇಂದಿಗೂ ಬಿಟ್ಟಿಲ್ಲ.

ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ. ಅರಸನ ಹೆಸರಾಗಲಿ, ಊರಿನ ಹೆಸರಾಗಲಿ, ಹಲ್ಮಿಡಿ ಶಾಸನದ ಕಾಲದಿಂದಲೂ ಎಲ್ಲ ಪದಗಳಿಗೂ ಒಂದೇ ಬಗೆಯ ಅಕ್ಷರ.

ಹಾಗಿದ್ದೂ ಕಂಪ್ಯೂಟರ್ ಬಂದ ಮೇಲೆ ಕನ್ನಡಕ್ಕೆ ಕ್ಯಾಪಿಟಲ್ ಅಕ್ಷರ ಬೇಕಾಯಿತು, ಬೇರೆಯದೇ ಕೆಲಸಕ್ಕೆ. ವಿದ್ವಾಂಸರು ಕನ್ನಡವನ್ನು ರೋಮನ್ ಲಿಪಿಗಿಳಿಸುವಾಗ ಟ, ಡ, ಣ, ಳ ಧ್ವನಿಗಳಿಗೆ ಅಕ್ಷರದಡಿ ಚುಕ್ಕಿ, ದೀರ್ಘಕ್ಕೆ ಮೇಲೊಂದು ಗೆರೆ ಹಾಕುತ್ತಾರೆ. 2001ರ ಐಎಸ್ಒ 15919 ಮಾನಕವೂ ಅದನ್ನೇ ಹೇಳುತ್ತದೆ. ಸಾಮಾನ್ಯ ಕೀಲಿಮಣೆಯಲ್ಲಿ ಆ ಚುಕ್ಕಿ ಗೆರೆಗಳೆಲ್ಲಿ? ಶೇಷಾದ್ರಿವಾಸು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶದಲ್ಲಿ ಶಿಫ್ಟ್ ಕೀಲಿಯೇ ಆ ಕೊರತೆ ತುಂಬಿತು. ಚಿಕ್ಕ ಎನ್ ಒತ್ತಿದರೆ ನ, ದೊಡ್ಡ ಎನ್ ಒತ್ತಿದರೆ ಣ. ಚಿಕ್ಕ ಎಲ್ ಲ, ದೊಡ್ಡದು ಳ.

ಬೆಂಗಳೂರಿನ ಪೀಣ್ಯದ ಪಕ್ಕದ ರಾಜಗೋಪಾಲನಗರವನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ಮೊದಲ ಆರ್ ದೊಡ್ಡದಾಗಲೇಬೇಕು. 'ನಗರ'ವನ್ನು ಬಿಡಿಸಿ ಬರೆದರೆ ಎನ್ ಕೂಡ. 'ಬರಹ'ದಲ್ಲಿ ಆರ್ ಚಿಕ್ಕದು. ದೊಡ್ಡಕ್ಷರ ಬರುವುದು ಒಳಗೆ, ರಾ, ಗೋ, ಪಾ ಎಂದು ದನಿ ಎಳೆಯುವ ಮೂರು ಕಡೆ. ಇಂಗ್ಲಿಷ್ ಅಭ್ಯಾಸಬಲದಿಂದ ಎನ್ ದೊಡ್ಡದು ಮಾಡಿದರೆ ನಗರ 'ಣಗರ'ವಾಗುತ್ತದೆ; ಡಿ ದೊಡ್ಡದು ಮಾಡಿದರೆ ದಾಸರಹಳ್ಳಿ 'ಡಾಸರಹಳ್ಳಿ'ಯಾಗುತ್ತದೆ. ಪೀಣ್ಯಕ್ಕಂತೂ ನಡುವಿನ ಎನ್ ದೊಡ್ಡದಿರಲೇಬೇಕು.

ಸರ್ಕಾರ ಒಪ್ಪಿಕೊಂಡ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದ್ದು ಇನ್ನೊಂದು ದಾರಿ. ಅಲ್ಲಿ ಶಿಫ್ಟ್ ಒತ್ತಿದರೆ ಕ ಹೋಗಿ ಖ, ತ ಹೋಗಿ ಥ ಬರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಜೋಡಿ ಒಂದೇ ಕೀಲಿಯಲ್ಲಿ. ವರ್ಣಮಾಲೆ ಬಲ್ಲವರಿಗೆ ಇದು ಬೇಗ ಕೈಗೆ ಹತ್ತುತ್ತದೆ.

ಮನೆಯವರ ವಾಟ್ಸಾಪ್ ಮಾತುಕತೆಗೆ ಇದೊಂದೂ ಬೇಡ, ಕನ್ನಡವೆಲ್ಲ ರೋಮನ್ ಚಿಕ್ಕಕ್ಷರದಲ್ಲೇ ನಡೆಯುತ್ತದೆ; ಬಲ್ಲವರಿಗೆ ಅರ್ಥವಾಗುತ್ತದೆ. ಊರ ಇಂಗ್ಲಿಷ್ ಫಲಕದ ಮಾತು ಹಾಗಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹತ್ತಿರ ಬಂದದ್ದು ದೊಡ್ಡ ಕೆಲಸವೇ. ಆದರೆ ಬಳ್ಳಾರಿಯ ಳ, ಚಿಕ್ಕಮಗಳೂರಿನ ಳ ಇಂದಿಗೂ ಬರಿಯ ಎಲ್ ಆಗಿಯೇ ನಿಂತಿವೆ. ಅಡಿಗೊಂದು ಚುಕ್ಕಿ ಇಟ್ಟಿದ್ದರೆ ಹೊರಗಿನಿಂದ ಬಂದವರೂ ಆ ಊರುಗಳನ್ನು ಊರವರಂತೆಯೇ ಕರೆಯಲು ಕಲಿಯುತ್ತಿದ್ದರು.