ಸೈಟು ಎಣಿಸುತ್ತ ಬೆಳೆದ ಬೆಂಗಳೂರು

ಈ ನೆಲ, ಈ ನೀರು, ಈ ರಸ್ತೆಗಳಲ್ಲಿ ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಕಚೇರಿ ನಿಜಕ್ಕೂ ಹಿಡಿಯುತ್ತವೆ? ಬೆಂಗಳೂರಿನ ನಗರ ಯೋಜನೆಯ ಚರಿತ್ರೆಯುದ್ದಕ್ಕೂ ಈ ಪ್ರಶ್ನೆಯನ್ನು ತುಂಡುತುಂಡಾಗಿ ಕೇಳಲಾಗಿದೆ. ಉತ್ತರಗಳನ್ನು ಕೂಡಿಸಿ ನೋಡಿದ್ದು ಕಡಿಮೆ.

1898ರ ಪ್ಲೇಗಿನ ಕಾಲದಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳ ಉದ್ದೇಶ ಗಾಳಿ, ಬೆಳಕು, ನೈರ್ಮಲ್ಯ. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಬೆಂಗಳೂರಿಗೆ ಅಂಥದ್ದು 1945ರಲ್ಲಿ ಬಂತು. 1948ರಲ್ಲಿ ಶುರುವಾದ ಜಯನಗರದಲ್ಲಿ ವಸತಿಯ ಜೊತೆಗೇ ಉದ್ಯಾನ, ಶಾಲೆ, ಮಾರುಕಟ್ಟೆಗಳಿಗೂ ಜಾಗ ಸಿಕ್ಕಿತು. ಇಂದಿಗೂ ಅಲ್ಲಿ ತರಕಾರಿಗೆಂದು ನಡೆದೇ ಹೋಗಿಬರಬಹುದು. ಅದನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಬಿರುಕು ಕಂಡಿದ್ದು ಆಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಬಲದಿಂದ ನಗರಕ್ಕೆ ಒಂದು ರೂಪುರೇಷೆ ಸಿದ್ಧವಾಯಿತಾದರೂ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1972ರಲ್ಲಿ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದು ಬಡಾವಣೆಗಳ ಹೊಣೆ ಹೊತ್ತಿತು. ಕೈಗಾರಿಕೆಗೆ ಜಮೀನು ಕೊಡುವ ಮಂಡಳಿ 1966ರಿಂದಲೇ ಬೇರೆಯಿತ್ತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು, ಹೊಸೂರು ರಸ್ತೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಒಬ್ಬರು ಉದ್ಯೋಗಕ್ಕೆ ಎಕರೆ ಅಳೆದರೆ, ಇನ್ನೊಬ್ಬರು ಸಂಸಾರಕ್ಕೆ ಸೈಟು ಎಣಿಸಿದರು. ಕಾರ್ಖಾನೆಗೆ ಬರುವ ಕೆಲಸಗಾರ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದು ಇಬ್ಬರ ಕಡತದಲ್ಲೂ ಇರಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ರೆವಿನ್ಯೂ ಸೈಟು. ಬಿಡಿಎ ನಿವೇಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಲಾರದವರು ಅಂಚಿನ ಹಳ್ಳಿಗಳಲ್ಲಿ, ಭೂಪರಿವರ್ತನೆಯೂ ನಕ್ಷೆ ಮಂಜೂರಾತಿಯೂ ಇಲ್ಲದ ತುಂಡು ಹೊಲವನ್ನು ಕೊಂಡು ಮನೆ ಕಟ್ಟಿದರು. ಇಂಥ ಆಸ್ತಿಗಳಿಗೆಂದು ಪಾಲಿಕೆ ಇಟ್ಟ ಪ್ರತ್ಯೇಕ ದಾಖಲೆ, ‘ಬಿ ಖಾತಾ’, ಈ ಕಥೆಯ ಮುಂದುವರಿಕೆ. ಇದನ್ನು ಬರಿಯ ಅಕ್ರಮವೆಂದು ಕರೆಯುವುದು ಅನ್ಯಾಯ. ಯೋಜನೆ ಒದಗಿಸದ ಮನೆಗಳನ್ನು ಜನ ತಾವೇ ಒದಗಿಸಿಕೊಂಡರು. ಚರಂಡಿ, ಅಗಲ ರಸ್ತೆ, ಆಟದ ಮೈದಾನಗಳನ್ನು ಮಾತ್ರ ಒಬ್ಬೊಬ್ಬರಾಗಿ ಕಟ್ಟಿಕೊಳ್ಳಲು ಆಗಲಿಲ್ಲ.

1984ರ ಸಮಗ್ರ ಯೋಜನೆ, 1995ರ ಪರಿಷ್ಕರಣೆಗಳ ನಂತರ 2007ರಲ್ಲಿ ಒಪ್ಪಿಗೆ ಪಡೆದ ‘ಪರಿಷ್ಕೃತ ಮಹಾಯೋಜನೆ 2015’ ವಸತಿ ಬೀದಿಗಳಲ್ಲಿ ವಾಣಿಜ್ಯಕ್ಕೆ ಹೆಚ್ಚು ಅವಕಾಶ ಕೊಟ್ಟಿತು. ಮುಂದಿನ ರಸ್ತೆಯ ಅಗಲ ನೋಡಿ ಎಫ್‌ಎಆರ್, ಅಂದರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ, ನಿಗದಿಯಾಯಿತು. ರಸ್ತೆಯ ಅಗಲ ಕಾಣುತ್ತದೆ. ಅದರಡಿಯ ಒಳಚರಂಡಿ ಕೊಳವೆಯ ಅಳತೆ ಕಾಣುವುದಿಲ್ಲ. 2001ರಲ್ಲಿ ಸುಮಾರು 57 ಲಕ್ಷವಿದ್ದ ಜನಸಂಖ್ಯೆ 2011ಕ್ಕೆ 85 ಲಕ್ಷವಾಯಿತು. 2017ರ ಮಹಾಯೋಜನೆಯ ಕರಡು 2031ಕ್ಕೆ ಎರಡು ಕೋಟಿ ದಾಟುವ ಅಂದಾಜು ಕೊಟ್ಟಿತ್ತು. ಆ ಕರಡನ್ನು ಸರ್ಕಾರ ಹಿಂತೆಗೆದುಕೊಂಡಿತು. 2015ಕ್ಕೆಂದು ಬರೆದ ನಕ್ಷೆಯೇ ನಗರವನ್ನು ಆಳುತ್ತ ಬಂತು.

ಎಷ್ಟು ಹಿಡಿಯುತ್ತದೆಂಬ ಮೊದಲ ಪ್ರಶ್ನೆಗೆ ನ್ಯೂಜಿಲೆಂಡ್ 2016ರಲ್ಲಿ ಬೇರೆ ದಾರಿ ಹಿಡಿಯಿತು. ಬೆಳೆಯುವ ನಗರಗಳು ಮೂರು, ಹತ್ತು, ಮೂವತ್ತು ವರ್ಷಗಳ ಅವಧಿಗೆ ವಸತಿ ಮತ್ತು ವ್ಯಾಪಾರ ಎರಡರ ಸಾಮರ್ಥ್ಯವನ್ನೂ ಲೆಕ್ಕ ಹಾಕಬೇಕೆಂದು ವಿಧಿಸಿತು. ಕಾಗದದ ಮೇಲಿನ ಅನುಮತಿ ಅಲ್ಲಿ ಸಾಲದು: ಅಲ್ಲಿಗೆ ನೀರು, ಚರಂಡಿ ಬರುತ್ತವೆಯೇ, ಕಟ್ಟಿದವನಿಗೆ ಗಿಟ್ಟುತ್ತದೆಯೇ ಎಂದೂ ನೋಡಬೇಕು. ಆ ಪುಟ್ಟ ದೇಶದ ಸೂತ್ರ ನಮಗೆ ಹಾಗೇ ಒಗ್ಗದು, ಪ್ರಶ್ನೆಗಳು ಮಾತ್ರ ಖಂಡಿತ ಒಗ್ಗುತ್ತವೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳನ್ನೇ ನೋಡಿ. ಅವುಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆ ಹದಿನೇಳು ವರ್ಷವೂ ಅಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇದ್ದವು, ಬೋರ್‌ವೆಲ್ ಮತ್ತು ಟ್ಯಾಂಕರಿನ ಭರವಸೆಯ ಮೇಲೆ.

2025ರಲ್ಲಿ ಆಡಳಿತ ಐದು ಪಾಲಿಕೆಗಳಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಬಂದಿದೆ. ಮೆಟ್ರೋ ಪಕ್ಕದಲ್ಲಿ ಎಫ್‌ಎಆರ್ ಹೆಚ್ಚಿಸುವ ಮಾತೂ ನಡೆದಿದೆ. ನಿಲ್ದಾಣದ ಬಳಿ ದಟ್ಟವಾಗಿ ಕಟ್ಟುವುದು ಸರಿಯೇ. ಆದರೆ ಎಫ್‌ಎಆರ್ ಏರಿದೊಡನೆ ಜಮೀನಿನ ಬೆಲೆಯೂ ಏರುತ್ತದೆ. ಪೀಣ್ಯದಲ್ಲಿ, ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬಾಡಿಗೆಗಿರುವ ಒಂದು ಕೋಣೆಯ ಸಾಲುಮನೆಗಳು ಆ ಬೆಲೆಯ ಮುಂದೆ ನಿಲ್ಲಲಾರವು. ಹೊಸ ಮಹಾಯೋಜನೆ ಮೊದಲು ಆ ಕೋಣೆಗಳನ್ನು ಎಣಿಸಲಿ. ಅವು ತೆರವಾದರೆ ಅಷ್ಟೇ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆಂದು ನಕ್ಷೆಯಲ್ಲಿ ಗುರುತಿಸಲಿ.